ಶುಕ್ರವಾರದ ಕ್ಲಾಸಿಗೆ ದುಡ್ಡು ಕಟ್ಟೋ ಮುಂಚೆ

ಶುಂಠಿ ಕೊಳೆ ರೋಗದ ಬಗ್ಗೆ ಮುಂದುವರಿಸಿ ಅಂತ ಕೇಳ್ತಿದ್ದೀರಿ, ಅದು ಮುಂದಿನ ವಾರ. ಇವತ್ತು ಬೇರೆ ಕೊಳೆ.

ಮೊನ್ನೆ ಡೇರಿಗೆ ಹಾಲು ಹಾಕೋಕೆ ಹೋದಾಗ ಮೂರು ಹುಡುಗರು ಫೋನ್ ನೋಡ್ತಾ ನಿಂತಿದ್ರು. ಶುಕ್ರವಾರ ಸಮುದಾಯ ಭವನದಲ್ಲಿ ಆಪ್ಷನ್ ಟ್ರೇಡಿಂಗ್ ಕ್ಲಾಸಂತೆ, ಫೀಸು ಹನ್ನೆರಡು ಸಾವಿರ. "ನೂರಕ್ಕೆ ತೊಂಬತ್ತು ಸಲ ಗೆಲ್ಲೋ ಸಿಸ್ಟಮ್ ದೊಡ್ಡಪ್ಪ, ಟೆಸ್ಟ್ ಮಾಡಿ ತೋರಿಸ್ತಾರೆ" ಅಂದ ಒಬ್ಬ. ದುಡ್ಡು ಎಲ್ಲಿಂದ ಅಂದೆ. ಸೊಸೈಟಿಯ ಬೆಳೆ ಸಾಲ ಬಂದಿದೆಯಂತೆ.

ಅಲ್ಲೇ ಬೈಯಬೇಕಿತ್ತು, ಬಾಯಿ ಬರಲಿಲ್ಲ. ಯಾಕೆ ಅಂದ್ರೆ ನಾನೂ ಕಳ್ಕೊಂಡವನೇ. ಇಲ್ಲಿ ಮೊದಲ ಸಲ ಬರೀತಿದ್ದೀನಿ. ಜೋಳ ಮಾರಿದ ದುಡ್ಡಲ್ಲಿ ಒಂದು ಲಕ್ಷ ಹಾಕಿದ್ದೆ. ನಾಲ್ಕು ತಿಂಗಳಿಗೆ ಉಳಿದಿದ್ದು ಹನ್ನೊಂದು ಸಾವಿರ. ಮನೆಯವಳಿಗೆ ಹೇಳೋಕೆ ಇನ್ನೂ ಎಂಟು ತಿಂಗಳು ಹಿಡೀತು.

ಮೊದಲು ಈ ಟೆಸ್ಟ್ ವಿಷಯ. ಬೋರ್‌ವೆಲ್ ಪಾಯಿಂಟ್ ಮಾಡೋರನ್ನ ನೋಡಿದ್ದೀರಲ್ಲ, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಹೊಲ ಸುತ್ತೋರು. ನೀರು ಬಿದ್ದ ಬೋರಿನ ಫೋಟೋ ಫೋನ್ ತುಂಬ ಇರ್ತವೆ. ಬರೀ ಧೂಳು ಬಂದ ಬೋರಿನ ಫೋಟೋ ಒಂದೂ ಇರಲ್ಲ. ಟ್ರೇಡಿಂಗ್ ಗುರುಗಳ ಸ್ಕ್ರೀನ್‌ಶಾಟೂ ಅಷ್ಟೇ. ನನಗೆ ತೋರಿಸಿದ ಟೆಸ್ಟು 2020ರ ಏಪ್ರಿಲ್‌ನಿಂದ ಶುರುವಾಗಿ 2021ರ ಅಕ್ಟೋಬರ್‌ಗೆ ಮುಗೀತಿತ್ತು. ಆ ಕಾಲದಲ್ಲಿ ಮಾರ್ಕೆಟ್ಟು ಏರಿದ್ದೇ ಏರಿದ್ದು, ಕಣ್ಣು ಮುಚ್ಚಿ ಕೊಂಡವನೂ ಗೆದ್ದ. ಅದಕ್ಕೆ ಹಿಂದಿನ ತಿಂಗಳು, ಮಾರ್ಚ್ 23ಕ್ಕೆ, ನಿಫ್ಟಿ ಒಂದೇ ದಿನ ನೂರಕ್ಕೆ 13ರಷ್ಟು ಬಿತ್ತು, ಮಧ್ಯೆ 45 ನಿಮಿಷ ವ್ಯವಹಾರವೇ ನಿಂತಿತ್ತು. ಬಾಗಿಲು ಮುಚ್ಚಿದ ಮಂಡೀಲಿ ಸ್ಟಾಪ್‌ಲಾಸ್ ಯಾರಿಗೆ ಮಾರುತ್ತೆ? ಆ ದಿನವನ್ನ ಬಿಟ್ಟು ಟೆಸ್ಟ್ ಮಾಡೋದು, ಅಂಗಮಾರಿ ಬಂದ ವರ್ಷ ಬಿಟ್ಟು ಆಲೂಗಡ್ಡೆ ಲಾಭದ ಲೆಕ್ಕ ಹಾಕಿದ ಹಾಗೆ.

ಹೊಸ ಬಿತ್ತನೆ ಜೋಳ ಬಂದ್ರೆ ನಾವೇನು ಮಾಡ್ತೀವಿ? ಕಂಪನಿಯವರ ಪ್ಲಾಟ್ ನೋಡಿ ತಲೆ ಆಡಿಸಿ ಬರ್ತೀವಿ, ಆದ್ರೆ ನಮ್ಮ ಹೊಲದಲ್ಲಿ ನಾಲ್ಕು ಸಾಲು ಹಾಕಿ ಎರಡು ಮಳೆಗಾಲ ನೋಡ್ತೀವಿ. ಅಷ್ಟು ಬುದ್ಧಿ ಇರೋ ನಾವು ಫೋನ್ ಮುಂದೆ ಕೂತ್ರೆ ಮೊದಲ ದಿನವೇ ಪೂರ್ತಿ ಹೊಲ ಬಿತ್ತುತ್ತೀವಿ. ಕಳ್ಕೊಂಡ ಮೇಲೆ ನಾನು ಆರು ತಿಂಗಳು ದುಡ್ಡು ಹಾಕದೆ ನೋಟ್‌ಬುಕ್ಕಲ್ಲಿ ಬರೆದೆ. ಅದೇ ಸಿಸ್ಟಮ್, ಅದೇ ರೂಲು, 112 ಸಲ. ಗೆದ್ದಿದ್ದು 81. ಆದ್ರೂ ಕೊನೆಗೆ ಲೆಕ್ಕ ಮೈನಸ್!

ಅದು ಹೇಗೆ ಅಂದ್ರೆ, ಗೆದ್ದಾಗ ಚೂರು, ಸೋತಾಗ ರಾಶಿ. ತೊಂಬತ್ತರ ಸಿಸ್ಟಮ್ಮೇ ತಗೊಳ್ಳಿ. ಒಂಬತ್ತು ಸಲ ಐದೈದುನೂರು ಬಂದ್ರೆ 4,500. ಹತ್ತನೇ ಸಲ 6,000 ಹೋದ್ರೆ? ಬ್ರೋಕರೇಜು, ಟ್ಯಾಕ್ಸು ಇನ್ನೂ ಕಳೆದಿಲ್ಲ. ಎಷ್ಟು ಸಲ ಗೆಲ್ತೀಯ ಅನ್ನೋದು ಹುಡುಗರನ್ನ ಹಿಡಿಯೋ ಗಾಳ, ಅಷ್ಟೇ.

ಇನ್ನು ಯಾರೂ ಹೇಳದ ವಿಷಯ, ಒಂದು ಸಲಕ್ಕೆ ಎಷ್ಟು ಹಾಕಬೇಕು ಅನ್ನೋದು. ನಾನು ಇದ್ದ ದುಡ್ಡಲ್ಲಿ ಐದರಲ್ಲೊಂದು ಭಾಗ ಹೋಗೋ ಹಾಗೆ ಆಡ್ತಿದ್ದೆ. ಹಾಗೆ ಸಾಲಾಗಿ ಹತ್ತು ಸಲ ಸೋತ್ರೆ ಒಂದು ಲಕ್ಷ 10,700 ಆಗುತ್ತೆ. ಅದೇ ಹತ್ತು ಸೋಲು, ಒಂದು ಸಲಕ್ಕೆ ನೂರಕ್ಕೆ ಎರಡೇ ರೂಪಾಯಿ ಹೋಗೋ ಹಾಗೆ ಆಡಿದ್ರೆ 81,700 ಉಳಿಯುತ್ತೆ. ಸಿಸ್ಟಮ್ ಒಂದೇ, ಸೋಲೂ ಒಂದೇ. ಒಬ್ಬ ಹೊಲ ಮಾರ್ತಾನೆ, ಇನ್ನೊಬ್ಬ ಬೈಕೊಂಡು ಮನೆಗೆ ಹೋಗ್ತಾನೆ. ಸಾಲಾಗಿ ಅಷ್ಟು ಸೋಲು ಬರಲ್ಲ ಅನ್ನಬೇಡಿ. ನಾಣ್ಯ ಸಾವಿರ ಸಲ ಚಿಮ್ಮಿ ನೋಡಿ, ಎಂಟೊಂಬತ್ತು ಸಲ ಒಂದೇ ಮುಖ ಸಾಲಾಗಿ ಬೀಳೋದು ಮಾಮೂಲಿ.

ಹಾಗಾದ್ರೆ ನೂರಕ್ಕೆ ಎರಡು ರೂಪಾಯಿ ಲೆಕ್ಕದಲ್ಲೇ ಆಡ್ತೀವಿ ಅಂತೀರಾ? ಅಲ್ಲೇ ಇರೋದು ಮೋಸ. ಲಕ್ಷಕ್ಕೆ ಎರಡು ಸಾವಿರ ಆಯ್ತು. 2024ರ ನವೆಂಬರ್‌ನಲ್ಲಿ ನಿಫ್ಟಿ ಲಾಟು 25ರಿಂದ 75ಕ್ಕೆ ಹೋಯ್ತು. ಅದಾದ ಮೇಲೂ ಬದಲಾಗಿದೆ, ಲೆಕ್ಕಕ್ಕೆ 75 ಇಟ್ಕೊಳ್ಳಿ. ಆಪ್ಷನ್ ರೇಟು 27 ರೂಪಾಯಿ ಇಳಿದ್ರೆ ಎರಡು ಸಾವಿರ ಮುಗೀತು. ಎಮ್ಮೆ ಹಾಲು ಕರೆದು ಬರೋಷ್ಟರಲ್ಲಿ 27 ರೂಪಾಯಿ ಇಳಿಯುತ್ತೆ, ಏರುತ್ತೆ, ಮತ್ತೆ ಇಳಿಯುತ್ತೆ. ಅರ್ಧ ಲಾಟು ಕೊಡಿ ಅಂದ್ರೆ ಕೊಡಲ್ಲ. ಅರ್ಧ ಎಕರೆ ಬಿತ್ತೋ ಅವಕಾಶವೇ ಇಲ್ಲದ ಬೇಸಾಯ ಇದು. ಅಂದ ಮೇಲೆ ಲಕ್ಷ ಎರಡು ಲಕ್ಷ ಇಟ್ಕೊಂಡ ನಮ್ಮಂಥೋರಿಗೆ ರಿಸ್ಕ್ ಮ್ಯಾನೇಜ್‌ಮೆಂಟ್ ಕಲಿಸ್ತೀನಿ ಅನ್ನೋನು ಸುಳ್ಳು ಹೇಳ್ತಿದ್ದಾನೆ. ಕಲಿತ್ರೂ ಮಾಡೋಕೆ ಜಾಗ ಇಲ್ಲ.

ಇದು ನನ್ನೊಬ್ಬನ ಹೊಟ್ಟೆಕಿಚ್ಚಲ್ಲ. ಸೆಬಿಯವರೇ 2024ರ ಸೆಪ್ಟೆಂಬರ್‌ನಲ್ಲಿ ಲೆಕ್ಕ ಕೊಟ್ಟಿದ್ದಾರೆ. ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಜನಕ್ಕೆ ನಷ್ಟ. ಎಲ್ಲಾ ಸೇರಿ ಹೋಗಿದ್ದು 1.8 ಲಕ್ಷ ಕೋಟಿ ಮೇಲೆ. ಆ 93ರಲ್ಲಿ ಎಷ್ಟು ಜನ ಕ್ಲಾಸಿಗೆ ಹೋಗಿದ್ರೋ.

"ಬೇಸಾಯನೂ ಜೂಜೇ ಬಿಡಣ್ಣ" ಅಂತ ಕೆಲವರು ಕಾಮೆಂಟ್ ಹಾಕ್ತೀರಿ, ಗೊತ್ತು. ಸ್ವಲ್ಪ ನಿಜ. ಅಂಗಮಾರಿ ಬಡಿದಾಗ ಇದ್ದಬದ್ದ ಹೊಲಕ್ಕೆಲ್ಲ ಆಲೂಗಡ್ಡೆ ಹಾಕಿದೋರು ಏಳಲೇ ಇಲ್ಲ. ಅರ್ಧ ಎಕರೆ ಹಾಕಿ ಉಳಿದದ್ದಕ್ಕೆ ರಾಗಿ ಜೋಳ ಹಾಕಿದೋರು ಬೈಕೊಂಡೇ ಮುಂದಿನ ವರ್ಷ ಬಿತ್ತಿದ್ರು. ಈಗ ಶುಂಠಿಗೆ ಒಡವೆ ಇಟ್ಟು ಐದೆಕರೆ ಗುತ್ತಿಗೆ ಹಿಡಿಯೋರಿಗೂ ಇದೇ ಮಾತು ಹೇಳ್ತೀನಿ, ಬೇಜಾರಾದ್ರೂ ಸರಿ. ಆದ್ರೆ ಬೇಸಾಯದಲ್ಲಿ ಎಷ್ಟು ಹಾಕಬೇಕು ಅನ್ನೋದು ನಮ್ಮ ಕೈಲಿದೆ. ಬೆಳೆ ಹೋದ್ರೂ ಮೇವಾದ್ರೂ ಉಳಿಯುತ್ತೆ.

ಶುಕ್ರವಾರ ನಾನೂ ಭವನಕ್ಕೆ ಬರ್ತೀನಿ, ಹಿಂದಿನ ಸಾಲಲ್ಲಿ ಕೂರ್ತೀನಿ. ಸ್ಕ್ರೀನ್‌ಶಾಟ್ ಬೇಡ, ನಿಮ್ಮ ಸ್ವಂತ ಅಕೌಂಟಿನ ಎರಡು ವರ್ಷದ ಟ್ಯಾಕ್ಸ್ ಲೆಕ್ಕ ತೋರಿಸಿ ಅಂತ ಕೇಳ್ತೀನಿ. ನನ್ನ ನೋಟ್‌ಬುಕ್ಕೂ ತರ್ತೀನಿ, ಯಾರು ಬೇಕಾದ್ರೂ ನೋಡಬಹುದು. ಆ ಮೂವರು ಹುಡುಗರ ಅಪ್ಪಂದಿರು ಇದನ್ನ ಓದ್ತಿದ್ರೆ, ಸೊಸೈಟಿ ದುಡ್ಡು ಎಲ್ಲಿದೆ ಅಂತ ಇವತ್ತೇ ಕೇಳಿ. ಡಿಎಪಿ ಮಂಗಳವಾರ ಬರುತ್ತಂತೆ.