ಕೆಳಗಿನ ಮನೆಯ ಗೋಡೆ

ಭಾನುವಾರ ಅಮ್ಮ ವಿಡಿಯೋ ಕಾಲ್ ಮಾಡಿದರೆ ಮೊದಲು ಕೇಳೋದು "ತಿಂಡಿ ಏನು ಮಾಡಿದ್ಯೇ?" ಅಂತ. ಕಳೆದ ಚಳಿಗಾಲದಲ್ಲಿ ಒಂದು ದಿನ ಮಾತ್ರ ತಿಂಡಿಯ ಸುದ್ದಿ ಬಿಟ್ಟು, "ಅದೇನೇ ನಿಮ್ಮ ಕಿಟಕಿ ಹೊರಗೆ ಅಷ್ಟೊಂದು ಕಬ್ಬಿಣದ ಕಂಬಗಳು? ಮನೆ ಕಟ್ಟಿಸ್ತಿದೀರಾ?" ಅಂದಳು.

"ಇಲ್ಲಮ್ಮ, ಸಾರವೆ ಕಟ್ಟಿದಾರೆ. ಮೇಲ್ಛಾವಣಿ ರಿಪೇರಿ. ಕೌನ್ಸಿಲ್‌ನವರು ಮಾಡಿಸ್ತಿರೋದು."

"ಕೌನ್ಸಿಲ್ ಅಂದ್ರೆ?"

"ನಮ್ಮ ಕಡೆ ಮುನಿಸಿಪಾಲಿಟಿ ಇದ್ದಂಗೆ ಅನ್ಕೋ."

ಅಮ್ಮ ಎರಡು ಕ್ಷಣ ಸುಮ್ಮನಾದಳು. "ಮುನಿಸಿಪಾಲಿಟಿಯವರು ಬಂದು ಮನೆ ಸೂರು ರಿಪೇರಿ ಮಾಡ್ತಾರಾ!" ಅಂದಾಗ ಆ ದನಿಯಲ್ಲಿದ್ದದ್ದು ಆಶ್ಚರ್ಯವೋ ಅನುಮಾನವೋ ಗೊತ್ತಾಗಲಿಲ್ಲ. ಅವಳಿಗೆ ಆವತ್ತು ಅರ್ಧಂಬರ್ಧ ಹೇಳಿದ ಕಥೆಯನ್ನೇ ಈ ಸಲ ನಿಮಗೆ ಪೂರ್ತಿ ಹೇಳೋಣ ಅಂತ.

ಪೂರ್ವ ಲಂಡನ್ನಿನಲ್ಲಿ ನಾವಿರುವ ನಾಲ್ಕಂತಸ್ತಿನ ಕಟ್ಟಡ ಕೌನ್ಸಿಲ್‌ನದು. ನಮ್ಮ ಫ್ಲ್ಯಾಟ್ ಮಾತ್ರ ನಮ್ಮದು. ಅಂದರೆ, ಯಾವುದೋ ಕಾಲಕ್ಕೆ ಅದೂ ಕೌನ್ಸಿಲ್ ಬಾಡಿಗೆ ಮನೆಯೇ. ಮಾರ್ಗರೆಟ್ ಥ್ಯಾಚರ್ ಸರ್ಕಾರ 1980ರಲ್ಲಿ 'ರೈಟ್ ಟು ಬೈ' ಅನ್ನುವ ಹಕ್ಕನ್ನು ಕಾಯ್ದೆಯಲ್ಲಿ ತಂದಿತು. ಬಾಡಿಗೆಗಿದ್ದವರು ತಾವಿದ್ದ ಮನೆಯನ್ನೇ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ರಿಯಾಯಿತಿಯಲ್ಲಿ ಕೊಂಡುಕೊಳ್ಳಬಹುದಿತ್ತು. ಹಾಗೆ ಕೊಂಡವರು ಮಾರಿದರು, ಅವರಿಂದ ಕೊಂಡವರು ಮತ್ತೆ ಮಾರಿದರು, ಕೊನೆಗೆ ನಮ್ಮ ಕೈಗೆ ಬಂತು. ಇಂಗ್ಲೆಂಡಿನಲ್ಲಿ ಹೀಗೆ ಕೈಬಿಟ್ಟು ಹೋದ ಮನೆಗಳು ಹತ್ತಿರ ಹತ್ತಿರ 20 ಲಕ್ಷ. ಮಾರಿದ್ದಕ್ಕೆ ಬದಲಾಗಿ ಅಷ್ಟೇ ಹೊಸ ಮನೆ ಕಟ್ಟಿದರಾ ಅಂದರೆ, ಇಲ್ಲ. ಮಾರಾಟದ ಹಣವನ್ನೆಲ್ಲ ಕಟ್ಟೋಕೆ ಬಳಸಲು ಕೌನ್ಸಿಲ್‌ಗಳಿಗೆ ಅನುಮತಿಯೇ ಇರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿರುವವರು ಕೌನ್ಸಿಲ್ ಬಾಡಿಗೆದಾರರು. ಮೂಲ ಸಿಲ್ಹೆಟ್ಟಿನವರು. ನಾನು ಅವರನ್ನ ಆಪಾ ಅಂತೀನಿ, ಅವರು ನನ್ನನ್ನ ದೀದಿ ಅಂತಾರೆ. ಇಬ್ಬರಲ್ಲಿ ದೊಡ್ಡವರು ಯಾರು ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ. ವಯಸ್ಸಾದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಅವರದು. ಮೂರು ಮಕ್ಕಳು, ಎರಡು ಕೋಣೆ. ಚಿಕ್ಕವನಿಗೆ ಉಬ್ಬಸ, ಜೇಬಲ್ಲಿ ಸದಾ ನೀಲಿ ಇನ್ಹೇಲರ್.

ಎರಡು ಚಳಿಗಾಲದ ಹಿಂದೆ ಅವರು ನನ್ನನ್ನು ಕರೆದು ಮಕ್ಕಳ ಕೋಣೆಯ ಬೀರುವನ್ನು ಪಕ್ಕಕ್ಕೆ ಸರಿಸಿ ತೋರಿಸಿದರು. ಗೋಡೆಯ ಮೂಲೆಯಿಂದ ಸೊಂಟದೆತ್ತರಕ್ಕೆ ಕಪ್ಪು ಬೂಷ್ಟು. ಮಳೆಗಾಲದಲ್ಲಿ ನಮ್ಮಜ್ಜಿ ಮನೆಯ ಅಟ್ಟದಲ್ಲಿ ಬರ್ತಿತ್ತಲ್ಲ, ಅದೇ ವಾಸನೆ. ಕೌನ್ಸಿಲ್‌ಗೆ ಫೋನ್ ಮಾಡಿದ್ದರಂತೆ. ಬಂದವನು ಕೋಣೆಯ ಬಾಗಿಲಲ್ಲೇ ನಿಂತು ನೋಡಿ, "ಬಟ್ಟೆ ಒಳಗೆ ಒಣಗಿಸಬೇಡಿ, ಕಿಟಕಿ ತೆಗೆದಿಡಿ, ಅಡುಗೆ ಮಾಡೋವಾಗ ಫ್ಯಾನ್ ಹಾಕಿ" ಅಂದು ಒಂದು ಕರಪತ್ರ ಕೊಟ್ಟು ಹೋದ. ಜನವರಿಯಲ್ಲಿ ಲಂಡನ್ನಿನಲ್ಲಿ ಕಿಟಕಿ ತೆಗೆದಿಡೋದು! ಬಟ್ಟೆ ಹೊರಗೆ ಒಣಗಿಸೋಕೆ ನಮ್ಮ ಯಾರ ಮನೆಗೂ ಬಾಲ್ಕನಿ ಇಲ್ಲ. ಆಪಾ ಬ್ಲೀಚ್ ಹಾಕಿ ಉಜ್ಜಿ ಬಣ್ಣ ಬಳಿದರು. ಒಂದೂವರೆ ತಿಂಗಳಲ್ಲಿ ಬಣ್ಣದ ಮೇಲೇ ಮತ್ತೆ ಕಪ್ಪು ಚುಕ್ಕಿ.

ಇಲ್ಲಿ ನಾನು ಇನ್ನೊಂದು ಮನೆಯ ವಿಷಯ ಹೇಳಲೇಬೇಕು. ರೋಚ್‌ಡೇಲ್ ಅನ್ನುವ ಊರಿನಲ್ಲಿ ಆವಾಬ್ ಇಶಾಕ್ ಅನ್ನುವ ಮಗು ಇತ್ತು. ಸುಡಾನಿನಿಂದ ಬಂದ ದಂಪತಿಯ ಕೂಸು. ಕೌನ್ಸಿಲ್ ಮನೆಗಳನ್ನು ವಹಿಸಿಕೊಂಡಿದ್ದ ವಸತಿ ಸಂಸ್ಥೆಯ ಒಂದೇ ಕೋಣೆಯ ಫ್ಲ್ಯಾಟ್. ಅಪ್ಪ 2017ರಿಂದಲೇ ಬೂಷ್ಟಿನ ಬಗ್ಗೆ ದೂರು ಕೊಡ್ತಾ ಬಂದಿದ್ದ. ಬಣ್ಣ ಬಳಿದುಕೋ ಅಂತ ಉತ್ತರ. 2020ರ ಡಿಸೆಂಬರಿನಲ್ಲಿ, ಎರಡು ವರ್ಷ ತುಂಬಿ ಎಂಟೇ ದಿನಕ್ಕೆ, ಮಗು ತೀರಿಕೊಂಡಿತು. ಮನೆಯ ಬೂಷ್ಟನ್ನೇ ಬಹುಕಾಲ ಉಸಿರಾಡಿದ್ದರಿಂದ ಸಾವು ಅಂತ 2022ರ ನವೆಂಬರಿನಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ಹೇಳಿದರು. ವಿಚಾರಣೆಯಲ್ಲಿ ಹೊರಬಂದ ಇನ್ನೊಂದು ಸಂಗತಿ ಓದಿ ನನಗೆ ಮೈ ಉರಿದುಹೋಯಿತು. ಈ ಮನೆಯವರು ಬಕೆಟ್ಟಿನಲ್ಲಿ ನೀರು ತುಂಬಿ ಸ್ನಾನ ಮಾಡ್ತಾರೆ, ತೇವಕ್ಕೆ ಅದೇ ಕಾರಣ ಇರಬೇಕು ಅಂತ ಅಲ್ಲಿನ ಸಿಬ್ಬಂದಿ ಊಹೆ ಮಾಡಿಕೊಂಡಿದ್ದರಂತೆ. ಊಹೆ ತಪ್ಪಾಗಿತ್ತು ಅಂತ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ನಮ್ಮನೆ ಬಚ್ಚಲಲ್ಲೂ ಬಕೆಟ್ಟು, ಚೊಂಬು ಇದೆ. ಇಷ್ಟು ವರ್ಷ ಅದು ಯಾರಿಗಾದರೂ ತಪ್ಪು ಕಂಡೀತು ಅಂತ ನನಗೆ ಹೊಳೆದೇ ಇರಲಿಲ್ಲ.

ಆ ಮಗುವಿನ ಹೆಸರಲ್ಲೇ ಈಗ ಕಾನೂನು ಬಂದಿದೆ. 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೂ ವಸತಿ ಸಂಸ್ಥೆಗಳಿಗೂ ಇದು ಅನ್ವಯ. ಪ್ರಾಣಕ್ಕೆ ಅಪಾಯ ಅನ್ನುವಂಥದ್ದಾದರೆ 24 ಗಂಟೆಯೊಳಗೆ ಬಂದು ಅಪಾಯ ತಪ್ಪಿಸಬೇಕು. ಗಂಭೀರವಾದ ತೇವ, ಬೂಷ್ಟು ಇದ್ದರೆ ಕೆಲಸದ ದಿನಗಳ ಲೆಕ್ಕದಲ್ಲಿ 10 ದಿನದೊಳಗೆ ತನಿಖೆ, ಅದಾಗಿ 3 ದಿನದೊಳಗೆ ಕಂಡದ್ದನ್ನ ಬರೆದು ಕೊಡಬೇಕು, 5 ದಿನದೊಳಗೆ ಮನೆಯನ್ನು ಅಪಾಯವಿಲ್ಲದ ಸ್ಥಿತಿಗೆ ತರಬೇಕು. ಆಗದಿದ್ದರೆ ಬಾಡಿಗೆದಾರರಿಗೆ ಬೇರೆ ಕಡೆ ಇರೋ ವ್ಯವಸ್ಥೆ ಮಾಡಿಕೊಡಬೇಕು.

ನವೆಂಬರಿನ ಮೊದಲ ವಾರ ಆಪಾ ಮತ್ತೆ ಬಂದರು. ಅವರ ಇಂಗ್ಲಿಷು ಕೆಲಸಕ್ಕೆ ಸಾಕಾಗುವಷ್ಟು, ಜಗಳಕ್ಕೆ ಸಾಲದು. ಅಡುಗೆಮನೆ ಟೇಬಲ್ ಮೇಲೆ ಕೂತು ನಾನು ಪತ್ರ ಬರೆದೆ. ಬೂಷ್ಟಿನ ಫೋಟೋ, ಹಿಂದಿನ ದೂರಿನ ತಾರೀಖು, ಮಗನ ಉಬ್ಬಸಕ್ಕೆ ಡಾಕ್ಟರ ಚೀಟಿ, ಜೊತೆಗೆ ಕಾನೂನಿನ ಹೆಸರು. ಆ ಹೆಸರು ಬರೆಯುವಾಗ ಕೈ ಒಂದು ಸಲ ತಡೆಯಿತು.

ಒಂಬತ್ತನೇ ದಿನ ಸರ್ವೇಯರ್ ಬಂದರು. ಹೆಂಗಸು. ಗೋಡೆಗೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ, ಆಮೇಲೆ ಮೇಲೆ ಬಂದು ನಮ್ಮ ಮನೆ ಗೋಡೆಗೂ ಚುಚ್ಚಿ, ಛಾವಣಿ ಹತ್ತಿದರು. ಮಳೆನೀರು ಇಳಿಯುವ ಪೈಪಿನ ಬಾಯಲ್ಲಿ ಎಲೆ, ಪಾರಿವಾಳದ ಗೂಡು ಕಟ್ಟಿಕೊಂಡು ಕೆಳಗಡೆ ಪೈಪು ಒಡೆದಿತ್ತು. ನೀರು ಗೋಡೆಯ ಒಳಪದರಕ್ಕೆ ಸೇರಿ, ನಮ್ಮನ್ನು ದಾಟಿ, ಆಪಾನ ಮಕ್ಕಳ ಕೋಣೆಯಲ್ಲಿ ಹೊರಬಂದಿತ್ತು. ಒಣಗಿಸಿದ ಬಟ್ಟೆಗೂ ಮಾಡಿದ ಮೀನು ಸಾರಿಗೂ ಏನೇನೂ ಸಂಬಂಧ ಇರಲಿಲ್ಲ. ಆಪಾ ಆ ವರದಿಯ ಪುಟವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಫ್ರಿಜ್ ಮೇಲೆ ಅಂಟಿಸಿದ್ದಾರೆ.

ಸಾರವೆ ಬಂದದ್ದು ಅದಕ್ಕೆ. ಖರ್ಚು ಯಾರದು ಅಂತ ನೀವು ಕೇಳಬಹುದು. ಬಾಡಿಗೆಯಿಂದ ಬರುವ ಹಣವನ್ನು ಕೌನ್ಸಿಲ್ ಬೇರೆಯೇ ಒಂದು ಲೆಕ್ಕದಲ್ಲಿ ಇಡಬೇಕು. ಅದರಿಂದ ರಸ್ತೆ ಹಾಕುವಂತಿಲ್ಲ, ಲೈಬ್ರರಿ ನಡೆಸುವಂತಿಲ್ಲ. ಮನೆಗಳ ರಿಪೇರಿ, ವರ್ಷಕ್ಕೊಮ್ಮೆ ಕಡ್ಡಾಯವಾಗಿ ಮಾಡಬೇಕಾದ ಗ್ಯಾಸ್ ತಪಾಸಣೆ, ಮನೆ ಕಟ್ಟಲು ತಂದ ಸಾಲದ ಬಡ್ಡಿ, ಎಲ್ಲ ಇದರಿಂದಲೇ. ಆಪಾನ ಬಾಡಿಗೆ ಹೊರಗಿನ ಬಾಡಿಗೆಯ ಅರ್ಧದಷ್ಟೂ ಇಲ್ಲ. ಇದಕ್ಕೆ 'ಸೋಷಿಯಲ್ ರೆಂಟ್' ಅಂತಾರೆ. 'ಅಫೋರ್ಡಬಲ್ ರೆಂಟ್' ಅಂತ ಬೇರೆ ಇದೆ, ಅದು ಹೊರಗಿನ ಬಾಡಿಗೆಯ 80 ಪರ್ಸೆಂಟ್‌ವರೆಗೂ ಹೋಗಬಹುದು. ಲಂಡನ್ನಿನಲ್ಲಿ ಆ 80 ಪರ್ಸೆಂಟು ಯಾರ ಕೈಗೆಟಕುತ್ತೆ ಅಂತ ಹೆಸರಿಟ್ಟವರನ್ನೇ ಕೇಳಬೇಕು.

ಛಾವಣಿ ಮಾತ್ರ ಎಲ್ಲರದೂ. ಹಾಗಾಗಿ ಕೊಂಡುಕೊಂಡ ನಮ್ಮಂಥವರ ಪಾಲಿನ ಬಿಲ್ಲು ನಮಗೆ ಬರತ್ತೆ. ಒಂದು ಕಾಮಗಾರಿಗೆ ತಲಾ 250 ಪೌಂಡಿಗಿಂತ ಹೆಚ್ಚು ಬೀಳುವ ಹಾಗಿದ್ದರೆ ಮುಂಚೆ ನೋಟೀಸು ಕೊಟ್ಟು ಅಭಿಪ್ರಾಯ ಕೇಳಬೇಕು ಅನ್ನೋದು ನಿಯಮ. ನಮಗೂ ಬಂತು. ನಮ್ಮೆಜಮಾನ್ರು ಅದನ್ನ ಎರಡು ಸಲ ಓದಿ, "ಪತ್ರ ಬರೆದು ಬಿಲ್ ತರಿಸಿಕೊಂಡ ಪುಣ್ಯಾತ್ಗಿತ್ತಿ" ಅಂದ್ರು. ತಮಾಷೆಗೇ ಅಂದದ್ದು. ಆದರೂ ಪೂರ್ತಿ ತಮಾಷೆಯಾಗಿರಲಿಲ್ಲ.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳಿಗೆ ನೆನಪಾದದ್ದು ನಮ್ಮನೆಗೆ ಪಾತ್ರೆ ತೊಳೆಯೋಕೆ ಬರುವ ಅಕ್ಕ. ಅರಸೀಕೆರೆ ಕಡೆಯ ನಮ್ಮೂರಲ್ಲಿ ಆಕೆಗೆ ಪಂಚಾಯ್ತಿಯಿಂದ ಆಶ್ರಯ ಮನೆ ಸಿಕ್ಕಿತ್ತು. ಗ್ರಾಮಸಭೆಯಲ್ಲಿ ಹೆಸರು ಬಂದು, ಪಾಯ ಆದಾಗ ಒಂದು ಫೋಟೋ ಒಂದು ಕಂತು, ಗೋಡೆ ಎದ್ದಾಗ ಇನ್ನೊಂದು, ಹೀಗೆ ಮುಗಿದ ಮನೆ. ಕಂತಿನ ಮಧ್ಯೆ ಕೈಸಾಲ ಬೇರೆ. ಆದರೆ ಹಕ್ಕುಪತ್ರ ಆಕೆಯ ಹೆಸರಲ್ಲೇ ಇದೆ. "ಅವಳ ಸೂರು ನಾಲ್ಕು ವರ್ಷದಿಂದ ಸೋರ್ತಿದೆ ಕಣೇ, ಮೇಲೆ ಟಾರ್ಪಾಲು ಹೊದಿಸಿದಾಳೆ. ಪಂಚಾಯ್ತಿಗೆ ಹೋದ್ರೆ ಮನೆ ನಿನ್ನದಲ್ವಾ ಅಂತಾರೆ" ಅಂದಳು ಅಮ್ಮ. ಸ್ವಲ್ಪ ತಡೆದು, "ನಿಮ್ಮಾಪಾಗೆ ಸೂರು ಸರಿಯಾಯ್ತು, ಆದ್ರೆ ಮನೆ ಅವರದಲ್ಲ, ಅಲ್ವಾ?" ಅಂತ ಕೇಳಿದಳು. ಹೌದು ಅಂದೆ. ಇಬ್ಬರಲ್ಲಿ ಯಾರು ಪುಣ್ಯವಂತರು ಅಂತ ಅಮ್ಮ ಕೇಳಲಿಲ್ಲ, ಸದ್ಯ.

ನಮ್ಮಲ್ಲಿಂದ ಸ್ವಲ್ಪ ದೂರ ಶೋರ್‌ಡಿಚ್‌ನಲ್ಲಿ ಬೌಂಡರಿ ಎಸ್ಟೇಟ್ ಅಂತ ಇದೆ. 1900ರಲ್ಲಿ ಉದ್ಘಾಟನೆಯಾದದ್ದು, ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿಸಿದ ಮೊದಮೊದಲ ಮನೆಗಳು. ಕೆಂಪು ಇಟ್ಟಿಗೆಯ ಸಾಲು, ನಡುವೆ ಮರಗಳಿರುವ ಒಂದು ದಿಬ್ಬ. ಮುಂಚೆ ಅಲ್ಲಿದ್ದ ಕೊಳೆಗೇರಿಯನ್ನು ಕೆಡವಿದ ಮಣ್ಣು, ಇಟ್ಟಿಗೆಚೂರು ರಾಶಿ ಹಾಕಿಯೇ ಆ ದಿಬ್ಬ ಆದದ್ದು. ಆ ಕೊಳೆಗೇರಿಯ ಜನರಲ್ಲಿ ಹೊಸ ಮನೆಗೆ ಬಂದವರು ಬೆರಳೆಣಿಕೆ, ಬಾಡಿಗೆ ಕೊಡುವ ಶಕ್ತಿ ಉಳಿದವರಿಗೆ ಇರಲಿಲ್ಲ. 125 ವರ್ಷ ದಾಟಿದರೂ ಅಲ್ಲಿ ಜನ ವಾಸ ಮಾಡ್ತಿದ್ದಾರೆ, ಕಿಟಕಿಯಲ್ಲಿ ಬಟ್ಟೆ, ಹೂಕುಂಡ ಕಾಣುತ್ತೆ. ಮೊನ್ನೆ ಆಪಾನ ಜೊತೆ ಆ ದಿಬ್ಬದ ಮೇಲೆ ಕೂತಿದ್ದೆ. ಅವರು ಕೇಳಿದ್ದು ಒಂದೇ, "ಇದನ್ನೆಲ್ಲ ಈಗ ಯಾಕೆ ಕಟ್ಟಲ್ಲ ದೀದಿ?"

ಕಟ್ತಾ ಇದ್ದಾರೆ. ಸಾಲ ತರಲು ಇದ್ದ ಮಿತಿಯನ್ನು 2018ರಲ್ಲಿ ತೆಗೆದ ಮೇಲೆ ಕೆಲವು ಕೌನ್ಸಿಲ್‌ಗಳು ಮತ್ತೆ ಶುರು ಮಾಡಿವೆ. ನಾರಿಚ್ ನಗರದ ಕೌನ್ಸಿಲ್ ಕಟ್ಟಿಸಿದ ಗೋಲ್ಡ್‌ಸ್ಮಿತ್ ಸ್ಟ್ರೀಟ್ ಮನೆಗಳಿಗೆ 2019ರಲ್ಲಿ ಈ ದೇಶದ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ, ಸ್ಟರ್ಲಿಂಗ್ ಪ್ರೈಜ್, ಬಂತು. ಮನೆ ಮಾರುವ ರಿಯಾಯಿತಿಯನ್ನೂ 2024ರ ನವೆಂಬರಿನಿಂದ ತುಂಬಾ ಇಳಿಸಿದ್ದಾರೆ. ಆದರೆ ಇಂಗ್ಲೆಂಡಿನಲ್ಲಿ ಕಾಯುವವರ ಪಟ್ಟಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳಿವೆ. ಅದರಲ್ಲೊಂದು ನನ್ನ ಫ್ಲ್ಯಾಟಿನಲ್ಲಿ ಇರಬಹುದಿತ್ತು. ಬಿಲ್ ಕಟ್ಟುವಾಗ ಇದು ತಲೆಗೆ ಬರದೇ ಇರಲ್ಲ. ಹಾಗಂತ ಮನೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸೂ ನನ್ನದಲ್ಲ.

ಆಪಾನ ಗೋಡೆಗೆ ಹೊಸ ಪ್ಲಾಸ್ಟರ್ ಆಗಿ ಈಗ ಒಣಗಿದೆ. ಚಿಕ್ಕವನ ಮಂಚ ಮತ್ತೆ ಆ ಮೂಲೆಗೇ ಬಂದಿದೆ. ಮೂರು ಕೋಣೆಯ ಮನೆಗೆ ಅವರು ಪಟ್ಟಿಯಲ್ಲಿದ್ದಾರೆ. ಖಾಲಿಯಾದ ಮನೆಗಳನ್ನು ಕೌನ್ಸಿಲ್ ಆನ್‌ಲೈನಲ್ಲಿ ಹಾಕತ್ತೆ, ಬೇಕಾದವರು 'ಬಿಡ್' ಮಾಡಬೇಕು. ಹರಾಜು ಅಂದುಕೋಬೇಡಿ, ದುಡ್ಡಿನ ಮಾತಿಲ್ಲ. ಯಾರ ಕಷ್ಟ ಹೆಚ್ಚು, ಯಾರು ಹೆಚ್ಚು ವರ್ಷದಿಂದ ಕಾಯ್ತಿದ್ದಾರೆ ಅನ್ನೋದರ ಮೇಲೆ ಸರದಿ. ಗುರುವಾರ ರಾತ್ರಿ ಅವರ ದೊಡ್ಡ ಮಗಳು ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬರ್ತಾಳೆ, ಅವರ ಮನೆಯಲ್ಲಿ ವೈಫೈ ಸರಿ ಇಲ್ಲ. ಬಿಡ್ ಹಾಕಿದ ಮೇಲೆ ಸರದಿಯ ಸಂಖ್ಯೆ ತೋರಿಸತ್ತೆ. ಕಳೆದ ವಾರ ಇನ್ನೂರರ ಮೇಲಿತ್ತು. ಅವಳು ಅದನ್ನ ಅಮ್ಮನಿಗೆ ಹೇಳೋಕೆ ಕೆಳಗೆ ಓಡಿದಳು, ಅದರ ಹಿಂದಿನ ವಾರ ಮುನ್ನೂರರ ಹತ್ತಿರ ಇತ್ತಂತೆ.