ಆರ್ಟ್ಸ್‌ನವರಿಗೂ ಲ್ಯಾಬ್ ಬೇಕು

"ಆರ್ಟ್ಸ್‌ನವರಿಗೆ ಕಂಪ್ಯೂಟರ್ ಯಾಕೆ?" ಎಂದು ಕೇಳುವವರಿಗೆ ಉತ್ತರ ನಮ್ಮ ಸುತ್ತಲೇ ಇದೆ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 5ನೇ ಸಂಪುಟವಾಗಿ ಪ್ರಕಟಿಸಿದರು. ಅವನ್ನು ಊರು, ವರ್ಷ, ದಾನ, ಕೆರೆ ಎಂದು ಎಕ್ಸೆಲ್ ಕಾಲಂಗಳಿಗೆ ಇಳಿಸಿದರೆ, ಯಾವ ಕಾಲದಲ್ಲಿ ಎಲ್ಲಿನ ಕೆರೆಗೆ ದಾನ ಸಿಕ್ಕಿತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಆದರೆ ಹಳೇಬೀಡನ್ನು ಒಮ್ಮೆ ದೋರಸಮುದ್ರ, ಒಮ್ಮೆ ದ್ವಾರಸಮುದ್ರ ಎಂದು ಬರೆದರೆ ಎಕ್ಸೆಲ್ ಎರಡು ಊರೆಂದೇ ಎಣಿಸುತ್ತದೆ. ಶಕವರ್ಷಕ್ಕೆ 78 ಕೂಡಿಸಬೇಕೆಂದೂ ಅದಕ್ಕೆ ತಿಳಿಯದು. ಅದು ತಿಳಿದಿರುವುದು ಇತಿಹಾಸ, ಕನ್ನಡ ಓದುವ ನಮಗೆ.

ವಾರಕ್ಕೊಂದು ಪೀರಿಯಡ್ ಲ್ಯಾಬ್ ನಮಗೂ ಕೊಡಿ ಎಂದು ಪ್ರಾಂಶುಪಾಲರಲ್ಲಿ ನನ್ನ ಮನವಿ. ಗೆಳೆಯ ಗೆಳತಿಯರೇ, ಹುಲಿಕೆರೆಯ ಹೊಯ್ಸಳರ ಕಲ್ಯಾಣಿಯೇ ನಮ್ಮ ಪಟ್ಟಿಯ ಮೊದಲ ಸಾಲಾಗಲಿ.