ಮೆಚ್ಚುವ ಕಣ್ಣು, ತಿದ್ದುವ ಮಾತು

ಮೇಲ್ವಿಚಾರಣೆ ಎಂದೊಡನೆ ಜನರ ಕಣ್ಣ ಮುಂದೆ ನಿಲ್ಲುವ ಚಿತ್ರ ಒಂದೇ: ಕೈಯಲ್ಲಿ ದಫ್ತರ, ಹುಬ್ಬಿನಲ್ಲಿ ಗಂಟು, ಬಾಯಲ್ಲಿ ‘ಇದೇಕೆ ಹೀಗೆ? ಅದೇಕೆ ಹಾಗೆ?’ ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ಮೇಷ್ಟ್ರ ನಾಲಗೆಯೇ ತಡವರಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಲೆಕ್ಕದ ಪುಸ್ತಕದ ತಪಾಸಣೆಗೆ ಈ ಕ್ರಮ ಸಾಕಾದೀತು. ಮನುಷ್ಯರ ಮನಸ್ಸಿನೊಡನೆ ವ್ಯವಹರಿಸುವ ಕೆಲಸಕ್ಕೆ ಮಾತ್ರ ಇದು ಸಲ್ಲದು. ಮನೆಮನೆಗೆ ಹೋಗಿ ಬಾಣಂತಿಯರಿಗೆ ತಿಳಿವಳಿಕೆ ಹೇಳುವ ಆಶಾ ಕಾರ್ಯಕರ್ತೆಯರ ಕೆಲಸ ಅಂಥದು.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಆರಂಭವಾದ ಯೋಜನೆಯಿದು. ಸುಮಾರು 1000 ಜನಸಂಖ್ಯೆಗೆ ಒಬ್ಬ ಕಾರ್ಯಕರ್ತೆ. ಆಕೆ ಅದೇ ಊರಿನವಳು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದ ತಾಯಿಯನ್ನೂ ಮಗುವನ್ನೂ ಆಕೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಹೋಗಿ ಕಾಣಬೇಕು. ಹೆರಿಗೆ ಮನೆಯಲ್ಲಿಯೇ ಆಗಿದ್ದರೆ ಮೊದಲ ದಿನವೂ ಹೋಗಬೇಕು. ಮಗುವನ್ನು ತೂಗುವುದು, ಮೈಶಾಖವನ್ನು ಅಳೆಯುವುದು ಕೈಯ ಕೆಲಸ. ಮೊಲೆಯೂಡಿಸುವ ವಿಷಯದಲ್ಲಿ ತಾಯಿಗೆ ಸಲಹೆ ಕೊಡುವುದು ಮಾತಿನ ಕೆಲಸ. ಮೊದಲನೆಯದನ್ನು ಚೆನ್ನಾಗಿ ಕಲಿತವರೂ ಎರಡನೆಯದರಲ್ಲಿ ಎಡವುವುದುಂಟು. ಆದುದರಿಂದಲೇ ಇಂಥ ಕಾರ್ಯಕರ್ತೆಯರೊಡನೆ ಆಗಾಗ ಮನೆಭೇಟಿಗೆ ಹೋಗಿ ಜೊತೆಯಲ್ಲಿದ್ದು ಕಲಿಸಲು ಮೇಲ್ವಿಚಾರಕಿಯರ ಏರ್ಪಾಡೂ ಇದೆ.

ಏಳನೆಯ ದಿನದ ಒಂದು ಭೇಟಿಯನ್ನು ಊಹಿಸಿಕೊಳ್ಳಬಹುದು. ತವರಿಗೆ ಬಂದ ಚೊಚ್ಚಲ ಬಾಣಂತಿ. ಕಾರ್ಯಕರ್ತೆ ಒಳಗೆ ಬಂದು, ಕೈ ತೊಳೆದು, ಮಗುವನ್ನು ತೂಗಿ, ತೂಕವೇರಿದೆಯೆಂದು ಮನೆಯವರಿಗೆಲ್ಲ ತೋರಿಸುತ್ತಾಳೆ. ಅಷ್ಟರಲ್ಲಿ ಬಾಣಂತಿಯ ತಾಯಿ, “ಇವಳಿಗೆ ಹಾಲು ಸಾಲದಮ್ಮ. ನಿನ್ನೆಯಿಂದ ಹಸುವಿನ ಹಾಲು ಕುಡಿಸುತ್ತಿದ್ದೇವೆ” ಎನ್ನುತ್ತಾಳೆ. ಕಾರ್ಯಕರ್ತೆ ಥಟ್ಟನೆ, “ಎಷ್ಟು ಸಲ ಹೇಳಿದ್ದೆ? ಆರು ತಿಂಗಳು ಮೊಲೆಹಾಲಲ್ಲದೆ ಬೇರೇನೂ ಕೂಡದು ಎಂದು!” ಎಂದುಬಿಡುತ್ತಾಳೆ. ಬಾಣಂತಿ ತಲೆ ತಗ್ಗಿಸುತ್ತಾಳೆ.

ಹೇಳಿದ ವಿಷಯ ಸರಿ. ಹೇಳಿದ ರೀತಿ ಬಾಗಿಲನ್ನು ಮುಚ್ಚಿತು. ಮುಂದಿನ ಭೇಟಿಯ ಹೊತ್ತಿಗೆ ಹಸುವಿನ ಹಾಲಿನ ಲೋಟ ಒಳಮನೆ ಸೇರಿರುತ್ತದೆ, ನಿಂತಿರುವುದಿಲ್ಲ. ಬೇರೆ ಹಾಲು ಹೆಚ್ಚಿದಷ್ಟೂ ಮಗು ಮೊಲೆ ಚೀಪುವುದು ಕಡಮೆ. ಚೀಪುವುದು ಕಡಮೆಯಾದಷ್ಟೂ ತಾಯಿಯಲ್ಲಿ ಹಾಲು ಕಡಮೆ. ಜೊತೆಗೆ ಶುಚಿಯಿಲ್ಲದ ಲೋಟದಿಂದ ಭೇದಿ. ಒಂದು ಗದರಿಕೆಯ ಬೆಲೆಯನ್ನು ಹಸುಗೂಸು ತೆರಬೇಕಾದೀತು.

ಇದನ್ನೆಲ್ಲ ನೋಡುತ್ತ ಕುಳಿತ ಮೇಲ್ವಿಚಾರಕಿ ಏನು ಮಾಡಬೇಕು? “ಹಾಗಲ್ಲ, ಹೀಗೆ” ಎಂದು ನಡುವೆ ಬಾಯಿ ಹಾಕುವುದು ಸುಲಭ. ಆದರೆ ಆ ಕ್ಷಣದಿಂದ ಆ ಮನೆಯಲ್ಲಿ ಕಾರ್ಯಕರ್ತೆಯ ಮಾತಿಗೆ ಬೆಲೆಯಿಲ್ಲ. ಮೇಲ್ವಿಚಾರಕಿ ನಾಳೆ ಹೊರಟುಹೋಗುವವಳು. ಆ ಊರಿನಲ್ಲಿ ಉಳಿಯುವವಳು ಕಾರ್ಯಕರ್ತೆ. ಆದುದರಿಂದ ಬಾಣಂತಿಯ ಒಪ್ಪಿಗೆ ಪಡೆದು, ತುಸು ಹಿಂದೆ ಸರಿದು ಕುಳಿತು, ಕಣ್ಣು ಕಿವಿಗಳಿಗೆ ಮಾತ್ರ ಕೆಲಸ ಕೊಡುವುದು ಉಚಿತ. ಇದಕ್ಕೆ ಅಪವಾದ ಒಂದೇ. ಮಗು ಮೊಲೆ ಹಿಡಿಯದಿದ್ದರೆ, ಮೈ ಜೋತುಬಿದ್ದಿದ್ದರೆ, ಮೈ ತಣ್ಣಗಾಗಿದ್ದರೆ ಅಥವಾ ಸುಡುತ್ತಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ, ಅಲ್ಲಿ ಮೌನ ಅಪರಾಧವಾಗುತ್ತದೆ. ಒಡನೆಯೇ ಆಸ್ಪತ್ರೆಯ ದಾರಿ ಹಿಡಿಯತಕ್ಕದ್ದು.

ಅಂಥ ಅಪಾಯವಿಲ್ಲದಿದ್ದರೆ ಮಾತು ಹೊರಜಗಲಿಗೆ ಬರಲಿ, ಮನೆಯವರ ಕಿವಿಗೆ ಬೀಳದಷ್ಟು ದೂರಕ್ಕೆ. ಅಲ್ಲಿಯೂ ಮೊದಲ ಮಾತು ಕಾರ್ಯಕರ್ತೆಯದೇ ಆಗಬೇಕು. “ಇವತ್ತು ಯಾವುದು ಚೆನ್ನಾಯಿತು ಎನ್ನಿಸಿತು?” ಎಂದು ಕೇಳಿ, ಆಕೆ ಹೇಳಿದ್ದನ್ನು ಪೂರ್ತಿ ಕೇಳಿದ ಮೇಲೆ ತಾನು ಕಂಡದ್ದನ್ನು ಹೇಳಬೇಕು. “ಬಂದವರೇ ಕೈ ತೊಳೆದಿರಿ. ತೂಕವನ್ನು ಅವರಿಗೂ ತೋರಿಸಿದಿರಿ. ಬಾಣಂತಿಯ ಮುಖ ಅರಳಿತು.” ಆಮೇಲೆ ಒಂದೇ ಒಂದು ಪ್ರಶ್ನೆ: “ಹಾಲು ಸಾಲದು ಎಂದಾಗ ಅವರ ಮನಸ್ಸಿನಲ್ಲಿ ಏನಿದ್ದೀತು?”

“ಹೆದರಿಕೆ, ಅಕ್ಕಾ” ಎಂದಾಳು ಕಾರ್ಯಕರ್ತೆ. ಆ ಉತ್ತರ ಆಕೆಯ ಬಾಯಿಂದಲೇ ಬಂದರೆ ಅರ್ಧ ಪಾಠ ಮುಗಿದಂತೆ. ಹೆದರಿದವರಿಗೆ ಕಟ್ಟಳೆಗಿಂತ ಧೈರ್ಯ ಬೇಕು. ಈ ವಯಸ್ಸಿನ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಕೈಯಲ್ಲಿರುವ ತಕ್ಕಡಿಯೇ ಅದಕ್ಕೆ ಸಾಕ್ಷಿ. ಹೀಗೆ ಮಾತಾಡಿಕೊಂಡು ಇಬ್ಬರೂ ಒಳಗೆ ಹಿಂದಿರುಗಲಿ. ಮಗು ಮೊಲೆ ಹಿಡಿಯುವ ರೀತಿಯನ್ನು ಕಾರ್ಯಕರ್ತೆಯೇ ನೋಡಲಿ, ಸಮಾಧಾನವನ್ನು ಕಾರ್ಯಕರ್ತೆಯೇ ಹೇಳಲಿ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1993ರಲ್ಲಿ ಮೊಲೆಯೂಡಿಸುವ ಸಲಹೆಗಾಗಿ 40 ಗಂಟೆಗಳ ಶಿಕ್ಷಣಕ್ರಮವೊಂದನ್ನು ಹೊರತಂದವು. ಹೌದು-ಅಲ್ಲ ಎಂದು ಮುಗಿಯದ ಪ್ರಶ್ನೆ ಕೇಳುವುದು, ತಾಯಿಯ ಭಾವನೆಯನ್ನು ಒಪ್ಪಿಕೊಳ್ಳುವುದು, ಆಕೆ ಸರಿಯಾಗಿ ಮಾಡುತ್ತಿರುವುದನ್ನು ಗುರುತಿಸಿ ಮೆಚ್ಚುವುದು, ಅಪ್ಪಣೆ ಮಾಡದೆ ಒಂದೆರಡು ಸಲಹೆಯನ್ನಷ್ಟೇ ಕೊಡುವುದು: ತಾಯಿಯೊಡನೆ ಮಾತಾಡಲು ಅದು ಕಲಿಸುವ ವಿದ್ಯೆ ಇದು. ಗಮನಿಸಿದರೆ, ಜಗಲಿಯ ಮೇಲೆ ಮೇಲ್ವಿಚಾರಕಿ ಕಾರ್ಯಕರ್ತೆಯೊಡನೆ ನಡೆದುಕೊಂಡದ್ದೂ ಇದೇ ರೀತಿ. ತಾನು ಗದರಿಸಿಕೊಂಡವಳು ಇನ್ನೊಬ್ಬಳನ್ನು ಗದರಿಸುತ್ತಾಳೆ. ತನ್ನ ಮಾತನ್ನು ಒಬ್ಬರು ಕೇಳಿದರೆ, ಕೇಳುವುದೆಂದರೇನು ಎಂದು ಆಕೆಗೂ ತಿಳಿಯುತ್ತದೆ.

ಮೆಚ್ಚಿಗೆಯಿಂದ ಕೆಲಸಗಾರರು ಕೆಡುತ್ತಾರೆ ಎಂಬ ಆಕ್ಷೇಪಣೆ ಇಲ್ಲದಿಲ್ಲ. ಹೊನ್ನಶೂಲಕ್ಕೇರಿಸುವ ಹೊಗಳಿಕೆಯಿಂದ ಕೆಡುವುದು ನಿಜ. “ಬಹಳ ಚೆನ್ನಾಗಿತ್ತು” ಎಂಬ ಪೊಳ್ಳು ಮಾತು ಏನನ್ನೂ ಕಲಿಸದು. ಯಾವುದು ಚೆನ್ನಾಗಿತ್ತು ಎಂದು ಹೇಳಿದ ಮಾತು ಮುಂದಿನ ಮನೆಯಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ತಪ್ಪನ್ನು ಮುಚ್ಚುವುದೂ ಸಲ್ಲದು. ಒಂದು ಭೇಟಿಗೆ ಒಂದು ತಿದ್ದುಪಡಿ ಸಾಕು, ಹತ್ತು ಹೇಳಿದರೆ ಒಂದೂ ನೆನಪಿನಲ್ಲಿ ಉಳಿಯದು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಗೌರವ ಪ್ರಶಸ್ತಿ ನೀಡಿತು. ಅದು ಸಂತೋಷದ ಸಂಗತಿಯೇ. ಆದರೆ ಬಿಸಿಲಿನಲ್ಲಿ ಮನೆಯಿಂದ ಮನೆಗೆ ನಡೆಯುವವಳಿಗೆ ದೂರದ ಪ್ರಶಸ್ತಿಗಿಂತ ಹತ್ತಿರದ ಒಂದು ನಿಜವಾದ ಮಾತು ಹೆಚ್ಚು ದಿನ ಜೊತೆಗಿರುತ್ತದೆ. ಆ ಮಾತಿಗೆ ಖರ್ಚಿಲ್ಲ; ಕಣ್ಣಿಟ್ಟು ನೋಡುವ ತಾಳ್ಮೆಯೊಂದೇ ಬೇಕು.